ಟಯರ್ ಅಂಗಡಿಯ ಗೋಡೆಯಲ್ಲಿತ್ತು ಉತ್ತರ

ರಸ್ತೆಯ ಚಿತ್ರ ನೋಡಿ ಜಾಗ ಹೇಳುವ ಆಟದಲ್ಲಿ ಬ್ರೆಜಿಲ್ ಬಂದರೆ ಸೋಲುತ್ತಿದ್ದೆ. ಬೋರ್ಡಿನ ಪೋರ್ಚುಗೀಸ್ ನೋಡಿ ದೇಶವೇನೋ ಹೇಳಬಹುದು. ಆದರೆ ಯಾವ ಮೂಲೆ? ಕೆಂಪು ಮಣ್ಣು, ಹಂಚಿನ ಮಾಡು, ತೆಂಗು, ಎಲ್ಲ ನಮ್ಮೂರಿನ ಹಾಗೇ.

ಮೊನ್ನೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಹಳೇ ಬೋರ್ಡಿನಲ್ಲಿ ಅಂಗಡಿಯ ಹೆಸರೇ ಮಾಸಿತ್ತು, ಫೋನ್ ನಂಬರಿನ ಮುಂದಿನ 0824 ಮಾತ್ರ ಉಳಿದಿತ್ತು. ಅದು ಮಂಗಳೂರಿನ ಎಸ್‌ಟಿಡಿ ಕೋಡ್. ಉಡುಪಿಯದ್ದಾದರೆ 0820 ಅಲ್ವಾ! ತಟ್ಟನೆ ಹೊಳೆಯಿತು.

ಬ್ರೆಜಿಲ್‌ನಲ್ಲೂ ಹಾಗೇ. ಫೋನ್ ನಂಬರಿನ ಮುಂದೆ ಎರಡಂಕಿಯ ಕೋಡ್, ಮೊಬೈಲಿಗೂ ಇರುತ್ತದೆ. 11 ಸಾವೊ ಪಾಲೊ, 21 ರಿಯೊ, 71 ಸಾಲ್ವಡಾರ್, 92 ಮನಾಸ್. ಲಾರಿ ಮೇಲಿನ ನಂಬರ್ ಮಾತ್ರ ನಂಬಬೇಡಿ, ಅದು ಎಲ್ಲಿಂದಲೋ ಬಂದಿರುತ್ತದೆ.

ನಿನ್ನೆ ಟಯರ್ ಅಂಗಡಿಯ ಗೋಡೆಯಲ್ಲಿ 51 ಕಂಡಿತು. ಸೀದಾ ಪೋರ್ಟೊ ಅಲೆಗ್ರೆ ಹತ್ತಿರ ಗುರುತು ಹಾಕಿದೆ. ಸರಿಯಾಗಿತ್ತು!