ಗುಳಿಗೆ ಮತ್ತು ಗುಳೆ

ನಾನು ಹಾಸನದ ಕಡೆಯವನು. ಡಾಕ್ಟರಾಗಿ ಕೆಲಸಕ್ಕೆ ಸೇರಿದ್ದು ರಾಯಚೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಎರಡನೇ ವಾರವೇ ಒಬ್ಬ ಹಿರಿಯರ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ, "ಯಜಮಾನ್ರೇ, ನಿಮಗೆ ಕೊಬ್ಬು ಜಾಸ್ತಿ ಆಗಿದೆ" ಅಂದುಬಿಟ್ಟೆ. ಅವರು ಎದ್ದು ನಿಂತರು. "ಏನಂದ್ರೀ ಸಾಹೇಬ್ರ? ನಾ ಯಾರಿಗೆ ಏನ್ ಅಂದೀನ್ರೀ?" ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಸಿಸ್ಟರ್ ನನ್ನ ಕಿವಿಯಲ್ಲಿ, "ರಕ್ತದಾಗ ಜಿಡ್ಡು ಕೂತೈತಿ ಅನ್ರೀ ಸರ್" ಅಂದರು. ಅವತ್ತಿನಿಂದ ನಾನೂ ಜಿಡ್ಡು ಅಂತಲೇ ಹೇಳುವುದು.

ಆ ಹಿರಿಯರು ಮಾತಿನ ಅರ್ಥಕ್ಕೆ ಮಾತ್ರ ಸಿಟ್ಟಾಗಿರಲಿಲ್ಲ. ಅವರು ಕಡ್ಡಿಯಂತೆ ಇದ್ದರು. ಜೋಳದ ರೊಟ್ಟಿ, ರೇಷನ್ ಅಕ್ಕಿಯ ಅನ್ನ, ಸಾರು. ದಿನಕ್ಕೆ ಒಂದು ಕಟ್ಟು ಬೀಡಿ. ಇಂಥವರಿಗೆ ಎಲ್ಲಿಂದ ಬಂತು ಕೊಲೆಸ್ಟ್ರಾಲ್ ಅಂತ ನನಗೂ ಅನಿಸಿತ್ತು. ಕಾಲೇಜಿನಲ್ಲಿ ಓದಿದ್ದು ದಪ್ಪ ಹೊಟ್ಟೆಯ, ಬೆಣ್ಣೆ ತಿನ್ನುವ ರೋಗಿಯ ಬಗ್ಗೆ. ನಮ್ಮ ದೇಶದಲ್ಲಿ ತೊಂದರೆಯ ರೂಪವೇ ಬೇರೆ. 2014ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅನ್ನುವ ಆರೋಗ್ಯ ಸಮೀಕ್ಷೆಯ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು 13.9%. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಕಡಿಮೆ ಇದ್ದವರು 72.3%! ತಟ್ಟೆ ತುಂಬ ಅನ್ನ, ಪಕ್ಕದಲ್ಲಿ ಬೇಳೆ ತರಕಾರಿ ಒಂದಿಷ್ಟೇ. ಹೀಗೆ ಉಂಡರೆ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಕೊಬ್ಬು ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಅದಕ್ಕೆ ದುಡ್ಡಿರಬೇಕು ಅಂತೇನಿಲ್ಲ.

ನನ್ನ ಕಪಾಟಿನಲ್ಲಿ ಇದ್ದದ್ದು ಅಟಾರ್ವಾಸ್ಟಾಟಿನ್ 10 ಮಿಲಿಗ್ರಾಂ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಗುಳಿಗೆ. ಒಂದು ತಿಂಗಳು ಬರುತ್ತಿತ್ತು, ಇನ್ನೊಂದು ತಿಂಗಳು ಇಲ್ಲ. ಮೊದಮೊದಲು ನಾನು ಮಾಡಿದ್ದು ದಡ್ಡತನ. ರಿಪೋರ್ಟ್‌ನಲ್ಲಿ ಕೆಂಪು ಅಕ್ಷರ ಕಂಡರೆ ಗುಳಿಗೆ ಬರೆಯುತ್ತಿದ್ದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲಂತೂ ಎಲ್ಲರಿಗೂ ಎದೆಯ ಭಯ. 46 ವರ್ಷದ, ದಿನಾ ಕಸರತ್ತು ಮಾಡುತ್ತಿದ್ದ ಮನುಷ್ಯನೇ ಹೋದ ಮೇಲೆ ನಮ್ಮ ಗತಿ ಏನು ಅಂತ ಜನ ಬಂದರು. ಬಂದವರಲ್ಲಿ ಜಾಸ್ತಿ ಯಾರು? ಪಟ್ಟಣದ ಲ್ಯಾಬಿಗೆ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಲು ಆಗುವವರು. ಮೂವತ್ತೈದರ ಅಂಗಡಿಯವರು, ಮೇಷ್ಟ್ರುಗಳು. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಇಲ್ಲ. ಒಟ್ಟು ಕೊಲೆಸ್ಟ್ರಾಲ್ 220, 230. ಎಲ್ಲರಿಗೂ ಕೊಟ್ಟೆ. ಕಪಾಟು ಖಾಲಿ.

ಅದೇ ಚಳಿಗಾಲದಲ್ಲಿ ಒಬ್ಬ ಗೌಂಡಿಯನ್ನು ಎದೆನೋವು ಅಂತ ಕರೆತಂದರು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡಿದ್ದವನು. ಮೂರು ತಿಂಗಳಿಂದ ಗುಳಿಗೆ ತಿಂದಿರಲಿಲ್ಲ. "ನಿಮ್ಮ ದವಾಖಾನಿಗೆ ಎರಡು ಸಲ ಬಂದಿದ್ನಿ, ಇಲ್ಲ ಅಂದ್ರು" ಅಂದ. ಇಸಿಜಿ ತೆಗೆದು, ಆಸ್ಪಿರಿನ್ ಜಗಿಸಿ, ಆಂಬುಲೆನ್ಸ್ ಹತ್ತಿಸಿದೆ. ಬದುಕಿಕೊಂಡ. ಆದರೆ ಅವನ ಪಾಲಿನ ಗುಳಿಗೆ ಯಾರ ಹೊಟ್ಟೆಗೆ ಹೋಗಿತ್ತು ಅಂತ ನನಗೆ ಗೊತ್ತಿತ್ತಲ್ಲ.

ಆಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು, ನಿಮ್ಮ ಓಣಿಯಲ್ಲಿ ಹಾರ್ಟ್ ಅಟ್ಯಾಕ್ ಆದವರು, ಲಕ್ವ ಹೊಡೆದವರು ಯಾರು ಅಂತ ಕೇಳಿ ಬರೆದೆ. ಅರ್ಧಕ್ಕಿಂತ ಹೆಚ್ಚು ಜನ ಜಿಡ್ಡಿನ ಗುಳಿಗೆ ಬಿಟ್ಟಿದ್ದರು, ಇಲ್ಲವೇ ಶುರುವೇ ಮಾಡಿರಲಿಲ್ಲ. ನಮ್ಮೂರಿನದೇ ಕರ್ಮ ಅಂದುಕೊಂಡಿದ್ದೆ. ಆಮೇಲೆ ಹಲವು ದೇಶಗಳಲ್ಲಿ ನಡೆದ ಪ್ಯೂರ್ ಅನ್ನುವ ಅಧ್ಯಯನದ 2011ರ ಲೇಖನ ಓದಿದೆ. ಅದರ ಮುಂದಾಳು ಸಲೀಂ ಯೂಸುಫ್ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೇ ಎಂಬಿಬಿಎಸ್ ಓದಿದವರು. ಹೃದಯಾಘಾತವೋ ಲಕ್ವವೋ ಆದವರಲ್ಲಿ ಸ್ಟಾಟಿನ್ ತಿನ್ನುತ್ತಿದ್ದವರು ಶ್ರೀಮಂತ ದೇಶಗಳಲ್ಲಿ 66.5%, ಬಡ ದೇಶಗಳಲ್ಲಿ 3.3%.

ನೋಟ್‌ಬುಕ್‌ನ ಮೊದಲ ಪಟ್ಟಿ ಇವರದೇ. ಇವರ ಗುಳಿಗೆ ಯಾವ ಕಾರಣಕ್ಕೂ ತಪ್ಪಬಾರದು. ಎರಡನೆಯದು 40 ವರ್ಷ ದಾಟಿದ ಶುಗರ್‌ನವರು. ಮೂರನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಚಾರ್ಟ್ ಗೋಡೆಗೆ ಅಂಟಿಸಿದೆ. ಅದರಲ್ಲಿ ರಕ್ತ ಪರೀಕ್ಷೆಯೇ ಬೇಡದ ಒಂದು ನಮೂನೆ ಇದೆ. ಗಂಡೋ ಹೆಣ್ಣೋ, ವಯಸ್ಸು, ಮೇಲಿನ ಬಿಪಿ, ಬೀಡಿ ಸಿಗರೇಟು, ಎತ್ತರಕ್ಕೆ ತೂಕ. ಇಷ್ಟು ಸಾಕು, ಮುಂದಿನ ಹತ್ತು ವರ್ಷದಲ್ಲಿ ಹಾರ್ಟ್ ಅಟ್ಯಾಕೋ ಲಕ್ವವೋ ಆಗುವ ಅಪಾಯ ಎಷ್ಟು ಅಂತ ಬಣ್ಣದಲ್ಲಿ ಸಿಗುತ್ತದೆ. 20% ಮತ್ತು ಮೇಲಿನ ಕೆಂಪು ಮನೆಯವರು ಮೊದಲು. ಸ್ಟಾಕ್ ಚೆನ್ನಾಗಿದ್ದ ತಿಂಗಳು ಕಿತ್ತಳೆ ಮನೆಯವರು, ಅಂದರೆ 10% ಮೇಲಿನವರು. ಕೊಬ್ಬು ಅಂದಿದ್ದಕ್ಕೆ ಸಿಟ್ಟಾದ ಆ ಹಿರಿಯರಿಗೆ ಗುಳಿಗೆ ಸಿಕ್ಕಿತು. ಅಂಗಡಿಯವರಿಗೆ ನಿಂತಿತು. ಅವರು ಬೈದುಕೊಂಡರು. ಎರಡು ಸಲ ಪಂಚಾಯ್ತಿಯಿಂದ ಫೋನೂ ಬಂತು.

ಎಷ್ಟು ಕೊಡಬೇಕು ಅನ್ನುವುದು ಇನ್ನೊಂದು ತಲೆನೋವು. ಹಾರ್ಟ್ ಅಟ್ಯಾಕ್ ಆದವರಿಗೆ 40ರಿಂದ 80 ಮಿಲಿಗ್ರಾಂ ಅಂತ ಪುಸ್ತಕ. ನನ್ನ ಹತ್ತಿರ 10ರದು. ದಿನಕ್ಕೆ ನಾಲ್ಕು ನುಂಗಿಸಿದರೆ ನಾಲ್ಕು ಜನರ ಪಾಲು ಒಬ್ಬರಿಗೆ ಹೋಗುತ್ತದೆ. ಇಲ್ಲಿ ಸ್ಟಾಟಿನ್‌ನ ಒಂದು ಗುಣ ನನ್ನ ಕೈ ಹಿಡಿಯಿತು. ಮೊದಲ 10 ಮಿಲಿಗ್ರಾಮೇ ಕೆಟ್ಟ ಕೊಲೆಸ್ಟ್ರಾಲನ್ನು ಸುಮಾರು ಮೂರನೇ ಒಂದು ಭಾಗ ಇಳಿಸುತ್ತದೆ. ಆಮೇಲೆ ಡೋಸ್ ದುಪ್ಪಟ್ಟು ಮಾಡಿದಾಗಲೆಲ್ಲ ಸಿಗುವುದು ಇನ್ನೊಂದು 6% ಅಷ್ಟೇ. ಮೊದಲ ಪಟ್ಟಿಗೆ ಎರಡು, ಉಳಿದವರಿಗೆ ಒಂದು ಅಂತ ಹಂಚಿದೆ. ದುಡ್ಡು ಕೂಡಿಸಬಲ್ಲ ಸ್ಟೆಂಟ್‌ನವರಿಗೆ 40ರದು ಬರೆದುಕೊಟ್ಟು ಜನೌಷಧಿ ಅಂಗಡಿಗೆ ಕಳಿಸಿದೆ. ಇದು ಪುಸ್ತಕದ ಚಿಕಿತ್ಸೆ ಅಲ್ಲ. ಗೊತ್ತು.

ಪರೀಕ್ಷೆಯಲ್ಲೂ ಕೈ ಬಿಗಿ ಹಿಡಿದೆ. ಮೂರು ತಿಂಗಳಿಗೊಮ್ಮೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಜಿಡ್ಡಿನ ಪರೀಕ್ಷೆ, ಅಂತ ತಾಲ್ಲೂಕಿಗೆ ಓಡಿಸಿದರೆ ಅವರ ಒಂದು ದಿನದ ಕೂಲಿ ಹೋಯಿತು. ಖಾಲಿ ಹೊಟ್ಟೆಯ ಕಟ್ಟಳೆ ಬೇರೆ. ಬೆಳಗಿನ ಬಸ್ಸಿಗೆ ಹೋದ ಒಬ್ಬ ಹೆಂಗಸು ಹನ್ನೊಂದಾದರೂ ಸರದಿ ಬರದೆ, ತಲೆ ತಿರುಗಿ, ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಬಂದಿದ್ದಳು. ಉಪವಾಸ ಬೇಕಿಲ್ಲ ಅಂತ ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ. ಟ್ರೈಗ್ಲಿಸರೈಡ್ 440 ದಾಟಿದರೆ ಮಾತ್ರ ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿ ನೋಡಬೇಕು. ಉಂಡು ಹೋಗಿ ಅಂತ ಚೀಟಿಯಲ್ಲೇ ಬರೆಯತೊಡಗಿದೆ.

ಊಟದ ವಿಷಯಕ್ಕೆ ನಮಗೊಂದು ಬಣ್ಣದ ಕರಪತ್ರ ಕೊಟ್ಟಿದ್ದರು. ಓಟ್ಸ್, ಆಲಿವ್ ಎಣ್ಣೆ, ವಾಲ್‌ನಟ್. ಅದನ್ನು ಗುಳಿಗೆ ಕಟ್ಟಿಕೊಡಲು ಬಳಸಿದೆವು. ಈ ಸೀಮೆಯಲ್ಲಿ ಹಿಂದೆ ಕುಸುಬಿ ಎಣ್ಣೆ ಇತ್ತು. ಈಗ ಪಾಮ್ ಎಣ್ಣೆಯ ಪ್ಯಾಕೆಟ್, ಅದರಲ್ಲಿ ಅರ್ಧದಷ್ಟು ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು. ಅಗ್ಗ ಅಂತ ತರುತ್ತಾರೆ, ತಪ್ಪು ಅನ್ನಲು ನಾನ್ಯಾರು? ಅಗಸಿ ಚಟ್ನಿ ಬಿಡಬೇಡಿ, ವಾರಕ್ಕೆ ನಾಲ್ಕು ದಿನ ಹುರುಳಿಯೋ ಕಡಲೆಯೋ ಇರಲಿ, ಅನ್ನ ಒಂದು ಹಿಡಿ ಕಡಿಮೆ ಮಾಡಿ ರೊಟ್ಟಿ ತಿನ್ನಿ ಅಂದೆ. ಇದರಿಂದ ದೊಡ್ಡ ಇಳಿತ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಬೀಡಿ ಬಿಡಿಸಿದ ಹನ್ನೆರಡು ಜನರ ಬಗ್ಗೆ ನನಗೆ ಇರುವ ಸಮಾಧಾನ ಅಗಸಿ ಚಟ್ನಿಯ ಬಗ್ಗೆ ಇಲ್ಲ.

ಎಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ದೀಪಾವಳಿ ಕಳೆಯಿತು. ನೋಟ್‌ಬುಕ್‌ನ ಹೆಸರುಗಳು ಒಂದೊಂದೇ ಕಾಣೆಯಾದವು. ಗುಳೆ! ಕಾಲುವೆಯ ಕೊನೆಗೆ ನೀರು ಬರದ ಊರುಗಳು ನಮ್ಮವು. ಗಂಡ ಹೆಂಡತಿ ಮಕ್ಕಳು ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಹಾಸನದವನಾದ ನನಗೆ ಇದರ ಅಂದಾಜೇ ಇರಲಿಲ್ಲ. ಗುಳಿಗೆಗಿಂತ ಗುಳೆಯನ್ನು ತಿಳಿದುಕೊಳ್ಳುವುದಕ್ಕೇ ನನಗೆ ಜಾಸ್ತಿ ದಿನ ಹಿಡಿಯಿತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ಹೆಚ್ಚು ಸ್ಟಾಕ್ ಬೇಕೆಂದು ಬರೆದೆ. ಹೊರಡುವವರಿಗೆ ಮೂರು ತಿಂಗಳದ್ದು ಒಟ್ಟಿಗೆ ಕೊಟ್ಟೆ. ಔಷಧಿಯ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಆಧಾರ್ ಕಾರ್ಡಿನ ಕವರಿನೊಳಗೆ ಹಾಕಿಸಿದೆ, ಏಕೆಂದರೆ ಅದೊಂದನ್ನು ಯಾರೂ ಕಳೆಯುವುದಿಲ್ಲ. ಅಲ್ಲಿ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ದವಾಖಾನೆಯ ಬೋರ್ಡ್ ಕಂಡರೆ ಒಳಗೆ ಹೋಗಿ ಈ ಚೀಟಿ ತೋರಿಸಿ ಅಂದೆ. ಅಟಾರ್ವಾಸ್ಟಾಟಿನ್‌ಗೆ ರಾತ್ರಿಯೇ ಆಗಬೇಕು ಅಂತಿಲ್ಲ. ಬೆಳಿಗ್ಗೆ ಬಿಪಿ ಗುಳಿಗೆಯ ಜೊತೆಗೇ ನುಂಗಲು ಹೇಳಿದೆ. ಬಿಪಿ, ಜಿಡ್ಡು, ಆಸ್ಪಿರಿನ್ ಎಲ್ಲ ಸೇರಿದ ಒಂದೇ ಮಾತ್ರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಗುಳೆ ಹೋಗುವವರಿಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಕಪಾಟಿಗೆ ಇನ್ನೂ ಬಂದಿಲ್ಲ.

ಹತ್ತಿ ಬಿಡಿಸುವ ಹೆಂಗಸರು ಮೈಕೈ ನೋವಿಗೆ ಈ ಗುಳಿಗೆಯೇ ಕಾರಣ ಅಂತ ಬಿಡುತ್ತಾರೆ. ಕೆಲವರಿಗೆ ನಿಜವೂ ಇರಬಹುದು. ಎರಡು ವಾರ ನಿಲ್ಲಿಸಿ ನೋಡಿ, ನೋವು ಹಾಗೇ ಇದ್ದರೆ ವಾಪಸ್ ಬನ್ನಿ ಅನ್ನುತ್ತೇನೆ. ಬಂದವರೇ ಜಾಸ್ತಿ. ಮಕ್ಕಳಾಗುವ ವಯಸ್ಸಿನವರಿಗೆ ಮಾತ್ರ ಸುಮ್ನೆ ಕೊಡುವುದಿಲ್ಲ, ಬಸುರಿಯಲ್ಲಿ ಇದು ಬೇಡ.

ಈಗ ತಲೆಯಲ್ಲಿ ಇರುವುದು ಒಬ್ಬ ಹುಡುಗಿ. ವಯಸ್ಸು 24. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನಲ್ಲಿ ಗಟ್ಟಿ ಗಂಟು, ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಬಿಳಿ ಬಳೆ. ಅವಳ ಅಪ್ಪ 38ಕ್ಕೇ ಎದೆನೋವಿನಿಂದ ಹೋಗಿದ್ದ. ಇದು ವಂಶದಲ್ಲಿ ಇಳಿದು ಬರುವ ಕೊಲೆಸ್ಟ್ರಾಲ್. ನನ್ನ ಚಾರ್ಟ್‌ಗೂ, 10 ಮಿಲಿಗ್ರಾಂಗೂ ಸಿಗುವಂಥದ್ದಲ್ಲ. ಅವಳನ್ನು ಕಲಬುರಗಿಯ ಜಯದೇವಕ್ಕೆ ಕಳಿಸಿದ್ದೇನೆ. ಅಣ್ಣ, ತಮ್ಮ ಇಬ್ಬರ ರಕ್ತವನ್ನೂ ನೋಡಬೇಕು. ತಮ್ಮನದು ಆಯಿತು. ಅಣ್ಣ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ. "ಯುಗಾದಿಗೆ ಬರ್ತಾನ್ರೀ ಸಾಹೇಬ್ರ, ಬಂದ ದಿನಾನೇ ಕರಕೊಂಡು ಬರ್ತೀನಿ" ಅಂದಿದ್ದಾಳೆ ಅವರವ್ವ. ನೋಟ್‌ಬುಕ್‌ನಲ್ಲಿ ಅವನ ಹೆಸರಿನ ಮುಂದೆ ಯುಗಾದಿ ಅಂತ ಬರೆದುಕೊಂಡಿದ್ದೇನೆ.