ಡೇರಿ ಕೌಂಟರಿನಿಂದ ಮೌಸ್ ಎತ್ತಿಟ್ಟೆ

ಡೇರಿಗೆ ಹಾಲು ಹಾಕೋರ ಲೆಕ್ಕ ಬರೆದು ಚೀಟಿ ಕೊಡುವ ಸಾಫ್ಟ್‌ವೇರ್ ನಮ್ಮದು. ಮೌಸ್ ಇಲ್ಲದ ಸಾಫ್ಟ್‌ವೇರನ್ನು ಯಾವ ಡೇರಿಯವರೂ ತಗೊಳ್ಳಲ್ಲ ಅಂತ ನನ್ನ ಪಾರ್ಟ್ನರ್ ಮೊದಲೇ ಹೇಳಿದ್ದರು. ಈಗ ಮಂಡ್ಯ ಕಡೆ ಹತ್ತಿಪ್ಪತ್ತು ಹಾಲಿನ ಸಂಘಗಳಲ್ಲಿ ಅದೇ ಓಡುತ್ತಿದೆ.

ಶುರುವಿನಲ್ಲಿ ಟಚ್ ಸ್ಕ್ರೀನ್ ಹಾಕಿದ್ದೆವು. ಒಂದಕ್ಕೆ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಆಫೀಸಿನಲ್ಲಿ ಡೆಮೋ ನೋಡಿದವರೆಲ್ಲ ಭೇಷ್ ಅಂದರು. ಆದರೆ ಬೆಳಿಗ್ಗೆ ಆರಕ್ಕೆ ಕಾರ್ಯದರ್ಶಿಯ ಕೈಯೆಲ್ಲ ಹಾಲು, ನೀರು. ಒದ್ದೆ ಬೆರಳಿಗೆ ಸ್ಕ್ರೀನ್ ಒಮ್ಮೆ ಸುಮ್ನೆ ಇರುತ್ತದೆ, ಒಮ್ಮೆ ಎರಡೆರಡು ಸಲ ಒತ್ತಿಕೊಳ್ಳುತ್ತದೆ. ಕ್ಯೂ ರಸ್ತೆಗೆ ಬಂತು. ಸ್ಕ್ರೀನುಗಳನ್ನು ಅರ್ಧ ಬೆಲೆಗೆ ಮಾರಿದೆವು.

ಆಮೇಲೆ ತಂದದ್ದು ನಾನೂರು ರೂಪಾಯಿಯ ನಂಬರ್ ಪ್ಯಾಡ್. 5ರ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಬೆರಳು ಅಲ್ಲಿ ಕೂತರೆ ಕಣ್ಣು ಹಾಲಿನ ಕ್ಯಾನ್ ಮೇಲೇ ಇರಬಹುದು. ಸದಸ್ಯರ ನಂಬರ್, ಎಂಟರ್, ಲೀಟರ್, ಎಂಟರ್, ಫ್ಯಾಟ್, ಎಂಟರ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ), ಎಂಟರ್, ಚೀಟಿ ಬಂತು. ಚುಕ್ಕಿ ಒತ್ತುವ ಕೆಲಸವೇ ಇಲ್ಲ, ಫ್ಯಾಟಿಗೆ 38 ಹೊಡೆದರೆ 3.8 ಅಂತ ಅದೇ ತಗೊಳ್ಳುತ್ತದೆ. ಮಾನಿಟರ್ ಅರ್ಧ ತಿರುಗಿಸಿ, ಹೆಸರನ್ನು ದಪ್ಪಕ್ಷರದಲ್ಲಿ ತೋರಿಸಿದೆ. ತಪ್ಪು ನಂಬರ್ ಬಿದ್ದರೆ ಹಾಲು ಹಾಕೋರೇ "ಅದು ನಂದಲ್ಲ ಸ್ವಾಮಿ" ಅಂತ ಕೂಗುತ್ತಾರೆ.

ತಲೆ ತಿಂದದ್ದು ನಮ್‌ಲಾಕ್, ಪ್ಯಾಡಿನ ಅಂಕಿಗಳನ್ನು ಆನ್-ಆಫ್ ಮಾಡುವ ಕೀ. ಕೈ ತಗುಲಿ ಆಫ್ ಆದರೆ 8 ಒತ್ತಿದಾಗ ಕರ್ಸರ್ ಮೇಲಕ್ಕೆ ಹೋಗುತ್ತದೆ, ಅಂಕಿ ಬೀಳಲ್ಲ. ಸ್ಕ್ರೂಡ್ರೈವರ್ ತಗೊಂಡು ಆ ಕೀಯನ್ನೇ ಕಿತ್ತು ಎಂ-ಸೀಲ್ ಮೆತ್ತಿದೆ. ಅಲ್ಲಿಗೆ ಆ ಕಾಟ ಮುಗಿಯಿತು.

ಒಂದು ಕಡೆ ಸುಮ್ನೆ ನೋಡೋಣ ಅಂತ ಅಂಕಿಗಳನ್ನು ಮೊಬೈಲ್ ಥರ ಮಾಡಿದೆ, 1-2-3 ಮೇಲಕ್ಕೆ. ಹುಡುಗರು ಒಂದೇ ದಿನಕ್ಕೆ ಹೊಂದಿಕೊಂಡರು. ಕ್ಯಾಲ್ಕುಲೇಟರ್ ಒತ್ತಿ ವರ್ಷಗಟ್ಟಲೆ ಅಭ್ಯಾಸವಾದ ಹಿರಿಯರು ಬೈದರು, ವಾಪಸ್ ತೆಗೆದೆ. ತಪ್ಪು-ಸರಿ ತೋರಿಸುತ್ತಿದ್ದ ಕೆಂಪು-ಹಸಿರು ಸಿಗ್ನಲ್ಲೂ ಹೋಯಿತು. ಒಬ್ಬ ಕಾರ್ಯದರ್ಶಿಗೆ ಆ ಎರಡು ಬಣ್ಣದ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಈಗ ಉದ್ದ ಬೀಪ್ ಬಂದರೆ ತಪ್ಪು, ಅಷ್ಟೇ.

38 ಬದಲು 83 ಹೊಡೆದರೂ ಬೀಪ್ ಬರುತ್ತದೆ. ಅದು ಸುಲಭ ಅಲ್ವಾ, 8.3 ಫ್ಯಾಟ್ ಕೊಡುವ ಹಸು ಎಲ್ಲಿದೆ? 36 ಬದಲು 46 ಬಿದ್ದದ್ದನ್ನೂ ಜಾಸ್ತಿ ಸಲ ಹಿಡಿಯುತ್ತದೆ. ಹೇಗೆ ಅಂತ ಕೇಳಬೇಡಿ, ಅದು ನಮ್ಮ ಹೊಟ್ಟೆಪಾಡು.

ಮೊದಲು ಒಬ್ಬರಿಗೆ ಅರ್ಧ ನಿಮಿಷದ ಮೇಲೆ ಹಿಡಿಯುತ್ತಿತ್ತು, ಈಗ ಹತ್ತು ಹನ್ನೆರಡು ಸೆಕೆಂಡ್ ಇರಬಹುದು. ಪ್ಯಾಡ್ ಒಂದು, ಒಂದೂವರೆ ವರ್ಷ ಬರುತ್ತದೆ. ಮೊದಲು ಹೋಗೋದು ಎಂಟರ್ ಕೀ. ಹಾಗಾಗಿ ಪ್ರತಿ ಡೇರಿಗೂ ಒಂದು ಸ್ಪೇರ್ ಇಟ್ಟು, ಅದರ ದುಡ್ಡನ್ನು ಎಎಂಸಿಯಲ್ಲೇ (ವರ್ಷದ ನಿರ್ವಹಣೆ ಒಪ್ಪಂದ) ಸೇರಿಸಿಬಿಡುತ್ತೇನೆ.