ಲ್ಯಾಬೋ, ಎಕ್ಸ್‌ರೇಯೋ: ಆರಿಸುವ ಮುನ್ನ ನಾನು ನೋಡಿದ್ದು

ಮೆಡಿಕಲ್ ಲ್ಯಾಬ್ ಟೆಕ್ನಾಲಜಿಗೆ ಸೇರಲೋ, ರೇಡಿಯಾಲಜಿ ಕಡೆ ಹೋಗಲೋ ಎಂದು ಕೇಳುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಸಂಬಳ. ಅದು ಊರಿಗೊಂದು ಥರ, ವರ್ಷಕ್ಕೊಂದು ಥರ. ನಾನು ಲ್ಯಾಬ್ ಆರಿಸಿಕೊಂಡದ್ದು ಬೇರೆ ಲೆಕ್ಕದ ಮೇಲೆ: ಈ ಕೆಲಸದಲ್ಲಿ ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ಹಿಡಿಯಲು ನನಗೆ ಎಷ್ಟು ಹೊತ್ತು ಸಿಗುತ್ತದೆ? ಲ್ಯಾಬ್‌ನಲ್ಲಿ ತಪ್ಪು ಒಂದು ಅಂಕಿಯೊಳಗೆ ಅಡಗಿ ಕೂತಿರುತ್ತದೆ. ರೋಗಿ ಎದುರಿಗಿರುವುದಿಲ್ಲ, ಸುಳಿವುಗಳಿಂದಲೇ ಕಂಡುಹಿಡಿಯಬೇಕು. ಎಕ್ಸ್‌ರೇ ಕೋಣೆಯಲ್ಲಿ ರೋಗಿ ಎದುರಿಗೇ ನಿಂತಿರುತ್ತಾರೆ. ತಪ್ಪು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ತಿದ್ದಬೇಕೆಂದರೆ ಅವರಿಗೆ ಇನ್ನೊಮ್ಮೆ ವಿಕಿರಣ ಕೊಡಬೇಕು. ಎರಡಕ್ಕೂ ಎಚ್ಚರ ಬೇಕು, ಆದರೆ ಎಚ್ಚರದ ಬಗೆ ಬೇರೆ. ನಿಮ್ಮದು ಯಾವ ಬಗೆಯದು ಎಂದು ಕೋರ್ಸಿಗೆ ಸೇರುವ ಮುನ್ನವೇ ತಿಳಿದುಕೊಳ್ಳಬಹುದು.

ಲ್ಯಾಬ್ ಕೆಲಸದ ರುಚಿ ನೋಡಲು ಒಂದೇ ಒಂದು ರಿಪೋರ್ಟ್ ಸಾಕು. ಪೊಟ್ಯಾಸಿಯಂ 7.5 ಬಂದಿದೆ ಎಂದುಕೊಳ್ಳಿ. ನಿಜವಾಗಿದ್ದರೆ ಹೃದಯ ನಿಲ್ಲಬಹುದಾದ ಮಟ್ಟ ಅದು. ವಾರ್ಡಿಗೆ ಫೋನ್ ಮಾಡುವಾಗಲೇ ಅದೇ ಸ್ಯಾಂಪಲ್‌ನ ಉಳಿದ ಅಂಕಿಗಳನ್ನೂ ನೋಡಬೇಕು. ಕ್ಯಾಲ್ಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಎರಡೂ ವಿಪರೀತ ಕಡಿಮೆ ಇದ್ದರೆ, ಯಾರೋ ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಟ್ಯೂಬಿಗೆ ಸುರಿದಿರಬಹುದು. ಆ ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಲವಣವಾದ್ದರಿಂದ ಪೊಟ್ಯಾಸಿಯಂ ಏರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಫಾಸ್ಫಟೇಸ್‌ಗೆ ಬೇಕಾದ ಸತು, ಮೆಗ್ನೀಸಿಯಂಗಳನ್ನೂ ಕಸಿಯುತ್ತದೆ. ಕ್ಯಾಲ್ಸಿಯಂ ಸರಿಯಾಗಿದ್ದು ಸೀರಂ ಕೆಂಪಾಗಿದ್ದರೆ ರಕ್ತಕಣಗಳು ಒಡೆದಿವೆ: ಸಣ್ಣ ಸೂಜಿ, ಸಿರಿಂಜನ್ನು ಜೋರಾಗಿ ಎಳೆದದ್ದು, ಟ್ಯೂಬನ್ನು ಕುಲುಕಿದ್ದು, ಸಾಮಾನ್ಯವಾಗಿ ಇವುಗಳಲ್ಲಿ ಒಂದು ಕಾರಣ. ಆಗ ಕಣಗಳೊಳಗಿನ ಕಿಣ್ವಗಳಾದ ಎಲ್‌ಡಿಎಚ್, ಎಎಸ್‌ಟಿ ಕೂಡ ಏರಿರುತ್ತವೆ. ಸೀರಂ ತಿಳಿಯಾಗಿದ್ದು ಸಕ್ಕರೆ ಕಡಿಮೆ ಇದ್ದರೆ ಸ್ಯಾಂಪಲ್ ಸೆಂಟ್ರಿಫ್ಯೂಜ್ ಆಗದೆ (ಗಿರಗಿರನೆ ತಿರುಗಿಸಿ ಕಣ ಬೇರ್ಪಡಿಸದೆ) ಗಂಟೆಗಟ್ಟಲೆ ಬಿದ್ದಿತ್ತೆಂದು ಅನುಮಾನಿಸಬೇಕು. ಕೋಣೆಯ ಉಷ್ಣತೆಯಲ್ಲಿ ಬೇರ್ಪಡಿಸದ ರಕ್ತದ ಗ್ಲೂಕೋಸ್ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಹಾಗೇ ಫ್ರಿಜ್ಜಿನಲ್ಲಿಟ್ಟರೆ ತಂಪಿಗೆ ಪೊಟ್ಯಾಸಿಯಂ ಒಳಗೆಳೆಯುವ ಕಣಗಳ ಪಂಪ್ ನಿಧಾನವಾಗಿ, ಕಣ ಒಡೆಯದೆಯೂ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಈ ಮೂರರ ಸುಳಿವೂ ಇಲ್ಲದಿದ್ದರೆ ಅಂಕಿ ನಿಜವೆಂದೇ ನಡೆದುಕೊಳ್ಳಬೇಕು. ಇದನ್ನು ಓದುವಾಗ ಕುತೂಹಲ ಕೆರಳಿದರೆ ಲ್ಯಾಬ್ ನಿಮಗೆ ಒಗ್ಗುತ್ತದೆ. ಬೇಸರ ಬಂದರೆ ಅದೂ ಒಂದು ಉತ್ತರವೇ.

ಇಂಥ ತಪ್ಪುಗಳಲ್ಲಿ ಬಹುಪಾಲು ಯಂತ್ರ ಮುಟ್ಟುವ ಮೊದಲೇ ಆಗಿರುತ್ತವೆ. ಅದಕ್ಕೇ ಟ್ಯೂಬ್ ತುಂಬುವುದಕ್ಕೂ ಒಂದು ಕ್ರಮವಿದೆ (ಬಣ್ಣ ಮುಚ್ಚಳದ್ದು): ಸೂಕ್ಷ್ಮಜೀವಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್, ತಿಳಿನೀಲಿ ಸಿಟ್ರೇಟ್, ಸೀರಂ, ಹಸಿರು ಹೆಪಾರಿನ್, ನೇರಳೆ ಇಡಿಟಿಎ, ಕೊನೆಗೆ ಬೂದು ಫ್ಲೋರೈಡ್. ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ 2.7 ಮಿಲಿ ರಕ್ತಕ್ಕೆ 0.3 ಮಿಲಿ. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಹೆಚ್ಚಾಗಿ, ಪರೀಕ್ಷೆಗೆಂದು ಹಾಕುವ ಕ್ಯಾಲ್ಸಿಯಂ ಅನ್ನೂ ಅದು ಹಿಡಿದುಬಿಡುತ್ತದೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಸುಳ್ಳಾಗಿ ಉದ್ದವಾಗುತ್ತವೆ, ರೋಗಿಯ ಔಷಧಿಯ ಡೋಸ್ ತಪ್ಪಾಗಿ ಬದಲಾಗುತ್ತದೆ. ಕೈಗೆ ಕಟ್ಟುವ ಪಟ್ಟಿ ಒಂದು ನಿಮಿಷ ದಾಟಬಾರದು. ಇಡಿಟಿಎ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ಬೋರಲು ಮಾಡಬೇಕು, ಕುಲುಕಬಾರದು.

ಬೆಳಗಿನ ಕಂಟ್ರೋಲ್ (ಬರಬೇಕಾದ ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್) ಇನ್ನೊಂದು ಪರೀಕ್ಷೆ, ಯಂತ್ರಕ್ಕಿಂತ ಮನುಷ್ಯನಿಗೆ. ಯಂತ್ರ ಚೆನ್ನಾಗಿದ್ದರೂ 20ರಲ್ಲಿ ಸುಮಾರು ಒಂದು ಫಲಿತಾಂಶ 2 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಸರಾಸರಿಯಿಂದ ಅಂಕಿಗಳು ಚದುರುವ ಅಳತೆ) ಗೆರೆಯ ಹೊರಗೆ ಬೀಳುವುದು ಸಹಜ. ಒಂದೇ ಕಂಟ್ರೋಲ್ 3 ಎಸ್‌ಡಿ ದಾಟಿದರೆ, ಅಥವಾ ಎರಡು ಸಲ ಸತತವಾಗಿ ಒಂದೇ ಕಡೆ 2 ಎಸ್‌ಡಿ ದಾಟಿದರೆ ರೋಗಿಗಳ ರಿಪೋರ್ಟ್ ತಡೆಯಬೇಕು. ಒಂದೇ ಕಡೆ ವಾಲಿದರೆ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ), ಕ್ಯಾಲಿಬ್ರೇಷನ್, ಯಂತ್ರದ ದೀಪ ನೋಡಿ. ಒಂದು ಮೇಲೆ ಇನ್ನೊಂದು ಕೆಳಗೆ ಹೋದರೆ ಗಾಳಿಗುಳ್ಳೆ, ಪಿಪೆಟ್ ನೋಡಿ. ಗೆರೆಯೊಳಗೆ ಬರುವವರೆಗೆ ಕಂಟ್ರೋಲನ್ನೇ ಮತ್ತೆ ಮತ್ತೆ ಓಡಿಸುವುದು ನಾನು ಕಂಡ ಅಭ್ಯಾಸಗಳಲ್ಲೆಲ್ಲ ಅತಿ ಕೆಟ್ಟದ್ದು. ಕೆಲಸ ತಡವಾಯಿತೆಂದು ನಾಲ್ಕು ಜನ ತಲೆಯ ಮೇಲೆ ನಿಂತಿರುವಾಗಲೂ ರಿಪೋರ್ಟ್ ತಡೆಹಿಡಿಯುವ ಗಟ್ಟಿತನ ಬೇಕು.

ಯಂತ್ರಗಳೇ ಎಲ್ಲ ಮಾಡುವಾಗ ಮನುಷ್ಯನಿಗೇನು ಕೆಲಸ ಎಂಬ ಹೆದರಿಕೆಗೆ ಪ್ಲೇಟ್‌ಲೆಟ್ ಒಳ್ಳೆಯ ಉತ್ತರ. ಯಂತ್ರ 30,000 ಎನ್ನುತ್ತದೆ. ಸ್ಮಿಯರ್‌ನ (ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತದ) ತುದಿಯಲ್ಲಿ ನೋಡಿದರೆ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿವೆ; ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದಾಗ ಹೀಗಾಗುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ಎಣಿಸಿ, ದ್ರವ ಬೆರೆತದ್ದಕ್ಕೆ 1.1ರಿಂದ ಗುಣಿಸಿದರೆ ಸಾಮಾನ್ಯವಾಗಿ ನಿಜವಾದ ಲೆಕ್ಕ ಸಿಗುತ್ತದೆ. ಸ್ಲೈಡ್ ನೋಡದೆ ಬಿಟ್ಟಿದ್ದರೆ ಬೇಡದ ಪ್ಲೇಟ್‌ಲೆಟ್ ಏರಿಸುವವರೆಗೂ ಹೋಗಬಹುದಿತ್ತು.

ಈಗ ಎಕ್ಸ್‌ರೇ ಕೋಣೆ. ಎದೆಯ ಪಿಎ ಚಿತ್ರ (ಕಿರಣ ಬೆನ್ನಿನಿಂದ ಎದೆಗೆ ಹಾಯುವುದು) ಎಲ್ಲಕ್ಕಿಂತ ಸುಲಭ ಎನ್ನುತ್ತಾರೆ, ಕೈಚಳಕವೆಲ್ಲ ಗೊತ್ತಾಗುವುದು ಅದರಲ್ಲೇ. ಎಕ್ಸ್‌ರೇ ಟ್ಯೂಬಿನಿಂದ ಚಿತ್ರ ಹಿಡಿಯುವ ಡಿಟೆಕ್ಟರಿಗೆ 180 ಸೆಂ.ಮೀ. ಗದ್ದ ಮೇಲೆ, ಭುಜ ಮುಂದಕ್ಕೆ ಉರುಳಿಸಿ ಹೆಗಲ ಮೂಳೆ ಶ್ವಾಸಕೋಶದ ಮೇಲಿಂದ ಸರಿಯುವಂತೆ ನಿಲ್ಲಿಸಬೇಕು. ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ಇಟ್ಟು 110ರಿಂದ 125 ಕೆವಿ (ಕಿಲೋವೋಲ್ಟ್). ಪೂರ್ತಿ ಉಸಿರೆಳೆದು ಹಿಡಿಸಿ, ಹಿಡಿದಿದ್ದಾರೆಂದು ಎದೆ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಗುಂಡಿ ಒತ್ತಬೇಕು. ಚಿತ್ರದಲ್ಲಿ ಎರಡೂ ಕಾಲರ್ ಮೂಳೆಗಳ ಒಳತುದಿ ಬೆನ್ನುಮೂಳೆಯ ಮಧ್ಯದಿಂದ ಸಮದೂರದಲ್ಲಿರಬೇಕು, ಹಿಂದಿನ ಪಕ್ಕೆಲುಬು 9-10 ಎಣಿಸಲು ಸಿಗಬೇಕು, ಶ್ವಾಸಕೋಶದ ಮೇಲಿನ ತುದಿಗಳೂ ಕೆಳಗಿನ ಎರಡು ಮೂಲೆಗಳೂ ಒಳಗಿರಬೇಕು. ಮೈ ತಿರುಗಿದ್ದರೆ ಒಂದು ಶ್ವಾಸಕೋಶ ಹೆಚ್ಚು ಕಪ್ಪಾಗಿ ಕಾಣುತ್ತದೆ. ಉಸಿರು ಅರ್ಧವಾದರೆ ಹೃದಯ ದೊಡ್ಡದಾಗಿ, ಬುಡದಲ್ಲಿ ನ್ಯುಮೋನಿಯಾ ಇದ್ದಂತೆ ಕಾಣುತ್ತದೆ. ಎಡ-ಬಲದ ಗುರುತು ಚಿತ್ರ ತೆಗೆಯುವಾಗಲೇ ಬೀಳಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸಿದ್ದನ್ನು ನಾನು ನಂಬುವುದಿಲ್ಲ.

ಇಷ್ಟನ್ನೂ ಕೆಮ್ಮುತ್ತಿರುವ ಮುದುಕರಿಗೆ, ಅಳುವ ಮಗುವಿಗೆ, ಪಕ್ಕೆಲುಬು ಮುರಿದವರಿಗೆ ಎರಡು ನಿಮಿಷದಲ್ಲಿ ಹೇಳಿ ಮಾಡಿಸಬೇಕು. ಅಪಘಾತದಲ್ಲಿ ಬಂದವರನ್ನು ತಿರುಗಿಸುವಂತಿಲ್ಲ, ಟ್ಯೂಬನ್ನೇ ತಿರುಗಿಸಬೇಕು. 90 ಡಿಗ್ರಿ ಅಂತರದ ಎರಡು ಚಿತ್ರ ಬೇಕೇ ಬೇಕು, ಇಲ್ಲದಿದ್ದರೆ ಮೂಳೆಯ ಬಿರುಕು ತಪ್ಪಿಹೋಗುತ್ತದೆ. ಮಾತು, ಕೈ, ಲೆಕ್ಕ ಮೂರೂ ಒಟ್ಟಿಗೆ ಓಡಬೇಕಾದ ಕೆಲಸ ಇದು.

ಡಿಜಿಟಲ್ ಬಂದ ಮೇಲೆ ಒಂದು ಹೊಸ ಅಪಾಯ ಸೇರಿಕೊಂಡಿದೆ. ಫಿಲ್ಮಿನ ಕಾಲದಲ್ಲಿ ಡೋಸ್ ಹೆಚ್ಚಾದರೆ ಚಿತ್ರ ಕಪ್ಪಾಗಿ ಗುಟ್ಟು ಬಯಲಾಗುತ್ತಿತ್ತು. ಈಗ ಕಂಪ್ಯೂಟರ್ ಹೊಳಪನ್ನು ತಾನೇ ಸರಿಪಡಿಸುತ್ತದೆ. ಕಡಿಮೆಯಾದರೆ ಚಿತ್ರ ಕಾಳುಕಾಳಾಗಿ ಕಾಣುತ್ತದೆ, ಹೆಚ್ಚಾದರೆ ಇನ್ನೂ ಚಂದ ಕಾಣುತ್ತದೆ. ಹಾಗಾಗಿ ಕೈ ತಿಳಿಯದೆಯೇ ಮೇಲಕ್ಕೆ ಜಾರುತ್ತದೆ. ಪ್ರತಿ ಚಿತ್ರದ ಜೊತೆ ಬರುವ ಡೀವಿಯೇಷನ್ ಇಂಡೆಕ್ಸ್ (ಡೋಸ್ ಗುರಿಯಿಂದ ಎಷ್ಟು ಸರಿದಿದೆ ಎಂಬ ಅಂಕಿ) ನೋಡುವುದೇ ಇದಕ್ಕೆ ಮದ್ದು: ಸೊನ್ನೆ ಎಂದರೆ ಸರಿ, ಪ್ಲಸ್ 3 ಎಂದರೆ ಬೇಕಾದದ್ದರ ಸುಮಾರು ಇಮ್ಮಡಿ, ಮೈನಸ್ 3 ಎಂದರೆ ಅರ್ಧ.

ವಿಕಿರಣದ ಭಯದಿಂದಲೇ ಈ ದಾರಿ ಬಿಡುವವರಿದ್ದಾರೆ. ಅಂಕಿ ನೋಡಿ ನಿರ್ಧರಿಸಿ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕೆಲಸಗಾರರಿಗೆ ಸೂಚಿಸುವ ಮಿತಿ, 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 50 ದಾಟಬಾರದು. ನೆಲ, ಗಾಳಿ, ಆಕಾಶದಿಂದ ಎಲ್ಲರಿಗೂ ಬರುವ ನೈಸರ್ಗಿಕ ವಿಕಿರಣದ ಜಾಗತಿಕ ಸರಾಸರಿಯೇ ವರ್ಷಕ್ಕೆ ಸುಮಾರು 2.4. ಸಾಮಾನ್ಯ ಎಕ್ಸ್‌ರೇಯಲ್ಲಿ ಗೋಡೆಯ ಹಿಂದೆ ನಿಂತು ಕೆಲಸ ಮಾಡುವವರಿಗೆ ಸೇರುವುದು ಬಹಳ ಕಡಿಮೆ. ಹೆಚ್ಚು ಎಚ್ಚರ ಬೇಕಿರುವುದು ಫ್ಲೂರೋಸ್ಕೋಪಿ (ನಿರಂತರ ಎಕ್ಸ್‌ರೇ ವಿಡಿಯೋ) ಮತ್ತು ಹೃದಯದ ರಕ್ತನಾಳ ನೋಡುವ ಕ್ಯಾತ್ ಲ್ಯಾಬ್‌ನಲ್ಲಿ. ಅಲ್ಲಿ ರೋಗಿಯ ಮೈಯಿಂದ ಚದುರಿ ಬರುವ ಕಿರಣವೇ ಕೆಲಸಗಾರರಿಗೆ ತಗಲುವುದು. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಅದು ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಡೋಸ್ ಅಳೆಯುವ ಬ್ಯಾಡ್ಜ್ ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ನಿನ ಒಳಗೆ ಇರಬೇಕು. ಏಪ್ರನ್ ಮಡಚಬಾರದು, ಒಳಗಿನ ಸೀಸ ಬಿರುಕು ಬಿಡುತ್ತದೆ, ತೂಗುಹಾಕಬೇಕು. ಗರ್ಭಿಣಿಯಾದರೆ ತಡಮಾಡದೆ ತಿಳಿಸಬೇಕು: ಆಮೇಲೆ ಉಳಿದ ತಿಂಗಳುಗಳಲ್ಲಿ ಮಗುವಿಗೆ ಒಟ್ಟು 1 ಮಿಲಿಸೀವರ್ಟ್ ಮೀರದಂತೆ ಕೆಲಸ ಬದಲಿಸುತ್ತಾರೆ. ಎಂಆರ್‌ಐನಲ್ಲಿ ಈ ವಿಕಿರಣ ಇಲ್ಲವೇ ಇಲ್ಲ, ಆದರೆ ಸ್ಕ್ಯಾನ್ ನಡೆಯದಿದ್ದಾಗಲೂ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ಬಂದರೆ ಗುಂಡಿನಂತೆ ಹಾರುತ್ತದೆ.

ವಿಕಿರಣದಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ರೇಡಿಯೋಥೆರಪಿ ಇದರ ಪಕ್ಕದ ಬೇರೆಯೇ ಲೋಕ. ಅದೇ ರೋಗಿ ವಾರಕ್ಕೆ ಐದು ದಿನದಂತೆ ಎಷ್ಟೋ ವಾರ ಬರುತ್ತಾರೆ, ಪ್ರತಿ ದಿನವೂ ಅದೇ ಭಂಗಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಮಲಗಿಸಬೇಕು. ರೋಗಿಯ ಒಡನಾಟ ಬೇಕೆನಿಸುವವರು ಇದನ್ನು ಮರೆಯದೆ ವಿಚಾರಿಸಿ.

ನಾನು ಮಾಡಿದ್ದನ್ನೇ ನೀವೂ ಮಾಡಿ: ಎರಡೂ ಕಡೆ ಅನುಮತಿ ಕೇಳಿ ಒಂದೊಂದು ಪೂರ್ತಿ ಪಾಳಿ ನಿಂತು ನೋಡುವುದು. ಲ್ಯಾಬ್‌ನಲ್ಲಿ ಬೆಳಗಿನ ನೂಕುನುಗ್ಗಲು, ಎಕ್ಸ್‌ರೇಯಲ್ಲಿ ಅಪಘಾತದ ಕೇಸುಗಳು ಬರುವ ಹೊತ್ತು ನೋಡಲೇಬೇಕು. ಎರಡು ವಿಷಯ ಕೇಳಿ. ಲ್ಯಾಬ್‌ನಲ್ಲಿ, ತಿರಸ್ಕರಿಸಿದ ಸ್ಯಾಂಪಲ್‌ಗಳನ್ನು ಎಲ್ಲಿ ಬರೆದಿಡುತ್ತೀರಿ? ಎಕ್ಸ್‌ರೇಯಲ್ಲಿ, ಮತ್ತೆ ತೆಗೆದ ಚಿತ್ರಗಳ ಲೆಕ್ಕ ಇಡುತ್ತೀರಾ? ಲೆಕ್ಕ ಇಡುವ ಜಾಗ ಕಲಿಯಲು ಒಳ್ಳೆಯದು.

ದೇಹವನ್ನೂ ಕೇಳಬೇಕು. ಬಣ್ಣ ಗುರುತಿಸುವ ಪರೀಕ್ಷೆ ಮೊದಲೇ ಮಾಡಿಸಿ: ಬ್ಯಾಕ್ಟೀರಿಯಾಗೆ ಹಾಕುವ ಗ್ರಾಂ ಸ್ಟೈನ್ ಬಣ್ಣದ ನೇರಳೆ-ಗುಲಾಬಿ, ಮೂತ್ರದ ಪಟ್ಟಿಯ ಹಸಿರು-ಹಳದಿ ಬೇರ್ಪಡಿಸಲಾಗದವರಿಗೆ ಲ್ಯಾಬ್ ಕಷ್ಟ. ಬೆನ್ನುನೋವಿರುವವರಿಗೆ ರೋಗಿಗಳನ್ನು ಎತ್ತಿಳಿಸುವ, ಏಪ್ರನ್ ಹೊತ್ತು ನಿಲ್ಲುವ ಕೆಲಸ ಕಷ್ಟ. ಓದಿನಲ್ಲಿ ಭೌತಶಾಸ್ತ್ರ ಮತ್ತು ಅಂಗರಚನೆ ಹಿಡಿಸಿದ್ದರೆ ಎಕ್ಸ್‌ರೇ ಕಡೆ, ರಸಾಯನ ಮತ್ತು ಸೂಕ್ಷ್ಮಜೀವಿಗಳು ಹಿಡಿಸಿದ್ದರೆ ಲ್ಯಾಬ್ ಕಡೆ.

ಯಾವುದನ್ನೇ ಆರಿಸಿದರೂ ಹೆಪಟೈಟಿಸ್ ಬಿ ಲಸಿಕೆಯನ್ನು ಕೋರ್ಸ್ ಶುರುವಾಗುವ ಮೊದಲೇ ಆರಂಭಿಸಿ. ಎಕ್ಸ್‌ರೇ, ಸಿಟಿ ಕೋಣೆಯಲ್ಲೂ ರಕ್ತ, ಸೂಜಿ ಇದ್ದೇ ಇರುತ್ತವೆ. 0, 1, 6ನೇ ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷಿಸಿ, ಆಂಟಿ ಎಚ್‌ಬಿಎಸ್ (ಲಸಿಕೆಯಿಂದ ಹುಟ್ಟುವ ರಕ್ಷಣೆಯ ಪ್ರತಿಕಾಯ) ಮಿಲಿಲೀಟರಿಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚು ಇದೆಯೇ ನೋಡಿಕೊಳ್ಳಿ. ವಾರ್ಡಿನ ಪೋಸ್ಟಿಂಗ್ ಯಾವ ತಿಂಗಳು ಎಂದು ಕೇಳಿ, ಅಲ್ಲಿಂದ ಏಳೆಂಟು ತಿಂಗಳು ಹಿಂದಕ್ಕೆ ಎಣಿಸಿ ಮೊದಲ ಡೋಸ್ ಹಾಕಿಸಿಕೊಳ್ಳಿ.